ಗಾಳಿ ತುಂಬಿದೆ, ಲಿವರ್ ಬಿಟ್ಟಾಗಿದೆ, ಆದರೂ ಲಾರಿಯ ಚಕ್ರ ತಿರುಗುತ್ತಿಲ್ಲ

ಪ್ರಶ್ನೆ: ನಮ್ಮದು ಆರು ಚಕ್ರದ ಲಾರಿ, ಪೂರ್ತಿ ಏರ್ ಬ್ರೇಕ್. ಮಳೆಗಾಲದಲ್ಲಿ ಮಂಗಳೂರಿನ ಬಂದರಿನ ಹತ್ತಿರ ಮೂರು ವಾರ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ್ದೆವು. ಈಗ ಸ್ಟಾರ್ಟ್ ಮಾಡಿದರೆ ಮೀಟರಿನ ಎರಡೂ ಮುಳ್ಳು 8ಕ್ಕೆ ಬರುತ್ತವೆ. ಲಿವರ್ ಬಿಟ್ಟು ಮತ್ತೆ ಹಾಕಿದರೆ ಹಿಂದೆ 'ಪುಸ್' ಎಂದು ಗಾಳಿ ಹೋಗುವ ಸದ್ದೂ ಕೇಳಿಸುತ್ತದೆ. ಆದರೆ ಎಡಗಡೆಯ ಹಿಂದಿನ ಜೋಡಿ ಚಕ್ರ ಅಲುಗುವುದೇ ಇಲ್ಲ. ಎಳೆದರೆ ಟೈರ್ ಉಜ್ಜಿಕೊಂಡು ಬರುತ್ತದೆ. ಬೂಸ್ಟರಿನ ಕ್ಲಾಂಪ್ ಬಿಚ್ಚಿ ಸ್ಪ್ರಿಂಗ್ ತೆಗೆದುಬಿಟ್ಟರೆ ಆಯಿತು, ಹ್ಯಾಂಡ್ ಬ್ರೇಕ್ ಇಲ್ಲದೆಯೇ ಊರಿಗೆ ತರಬಹುದು ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಉಳಿದದ್ದನ್ನೆಲ್ಲ ಆಮೇಲೆ ಓದಿ, ಮೊದಲು ಆ ಕ್ಲಾಂಪಿಗೆ ಸ್ಪ್ಯಾನರ್ ಹಾಕುವುದನ್ನು ನಿಲ್ಲಿಸಿ. ಬೂಸ್ಟರ್ ಎಂದರೆ ಚಕ್ರದ ಹತ್ತಿರ ಕೂತು ಬ್ರೇಕನ್ನು ಒತ್ತುವ ಜೋಡಿ ಡಬ್ಬಿ: ಮುಂದಿನದು ಕಾಲಿನ ಬ್ರೇಕಿನದು, ಹಿಂದಿನದು ಹ್ಯಾಂಡ್ ಬ್ರೇಕಿನದು. ಅದರ ಹಿಂಭಾಗದ ಡಬ್ಬಿಯೊಳಗೆ ಅದುಮಿಟ್ಟ ಸ್ಪ್ರಿಂಗಿನ ಬಲ ಹೆಚ್ಚುಕಡಿಮೆ ಒಂದು ಟನ್ ಇರುತ್ತದೆ. ಆ ಭಾಗದ ಕ್ಲಾಂಪ್ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಎದುರಿಗಿದ್ದವರು ಉಳಿಯುವುದು ಕಷ್ಟ. ಈಗ ಬರುವ ಬಹುಪಾಲು ಬೂಸ್ಟರುಗಳಲ್ಲಿ ಆ ಅಂಚನ್ನು ಬಿಚ್ಚಲಾಗದಂತೆ ಮಡಚಿಯೇ ಕೊಟ್ಟಿರುತ್ತಾರೆ, ಅದು ಇದೇ ಕಾರಣಕ್ಕೆ. ಕೆಲವು ಮಾದರಿಗಳಲ್ಲಿ ಆಕ್ಸಲ್ ಕಡೆಯ ಕ್ಲಾಂಪ್ ಬಿಚ್ಚಿ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಬದಲಿಸಲು ಬರುತ್ತದೆ. ಅದನ್ನೂ ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟಿಹಾಕಿದ ಮೇಲೆಯೇ ಮಾಡಬೇಕು. ಹಿಂದಿನ ಕ್ಲಾಂಪನ್ನು ಮಾತ್ರ ಯಾರೂ, ಎಂದೂ ರಸ್ತೆಬದಿಯಲ್ಲಿ ಮುಟ್ಟುವಂತಿಲ್ಲ.

ಇನ್ನೊಂದು ಮಾತು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಬೂಸ್ಟರ್ ಕೆಟ್ಟಿರುವ ಸಾಧ್ಯತೆಯೇ ಕಡಿಮೆ. ಚಕ್ರದ ಡ್ರಮ್ಮಿನ ಒಳಗೋ, ಬ್ರೇಕ್ ಶೂಗಳನ್ನು ಅಗಲಿಸುವ ಎಸ್ ಕ್ಯಾಮಿನಲ್ಲೋ ಹಿಡಿದುಕೊಂಡಿರುವ ಸಂಭವ ಹೆಚ್ಚು. ಹೇಗೆಂದು ಹೇಳುತ್ತೇನೆ.

ಏರ್ ಬ್ರೇಕ್ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕನ್ನು ಹಾಕುವುದು ಗಾಳಿಯಲ್ಲ, ಸ್ಪ್ರಿಂಗ್. ಗಾಳಿಯ ಕೆಲಸ ಅದನ್ನು ಬಿಡಿಸುವುದು. ಲಿವರ್ ಬಿಟ್ಟಾಗ ಟ್ಯಾಂಕಿನ ಗಾಳಿ ಹ್ಯಾಂಡ್ ಬ್ರೇಕ್ ವಾಲ್ವಿನ ಮೂಲಕ ಹಿಂದಕ್ಕೆ ಹೋಗಿ, ಆಕ್ಸಲ್ ಹತ್ತಿರದ ಕ್ವಿಕ್ ರಿಲೀಸ್ ವಾಲ್ವಿನಲ್ಲಿ ಎರಡಾಗಿ ಒಡೆದು, ಎಡ ಬಲ ಬೂಸ್ಟರುಗಳ ಹಿಂದಿನ ಡಬ್ಬಿಗೆ ಸೇರಿ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಪೂರ್ತಿ ಹಿಂದೆ ಸರಿಯಲು ಸಾಮಾನ್ಯವಾಗಿ 5ರಿಂದ 6 ಬಾರ್ (ಗಾಳಿಯ ಒತ್ತಡದ ಅಳತೆ, ಮೀಟರಿನ ಅಂಕಿಯೂ ಇದೇ) ಬೇಕು. ಲಿವರ್ ಹಾಕಿದಾಗ ಆ ಗಾಳಿ ಕ್ವಿಕ್ ರಿಲೀಸ್ ವಾಲ್ವಿನಿಂದ ಹೊರಬೀಳುತ್ತದೆ. ನೀವು ಕೇಳಿದ ಪುಸ್ ಸದ್ದು ಅದೇ. ಅಂದರೆ ನಿಮ್ಮ ಗಾಡಿಯಲ್ಲಿ ಗಾಳಿ ಆ ವಾಲ್ವಿನವರೆಗೂ ತಲುಪುತ್ತಿದೆ, ಬಲಗಡೆಯ ಚಕ್ರವೂ ಬಿಡುತ್ತಿದೆ. ಹ್ಯಾಂಡ್ ಬ್ರೇಕ್ ವಾಲ್ವ್, ಗಾಳಿಯನ್ನು ಬೇರೆ ಬೇರೆ ಸರ್ಕ್ಯೂಟಿಗೆ ಹಂಚುವ ಪ್ರೊಟೆಕ್ಷನ್ ವಾಲ್ವ್, ಗಾಳಿ ತುಂಬುವ ಕಂಪ್ರೆಸರ್ ಇವೆಲ್ಲ ಸಂಶಯದ ಪಟ್ಟಿಯಿಂದ ಆಗಲೇ ಹೊರಬಿದ್ದವು. ಉಳಿದದ್ದು ಎಡಗಡೆಯ ಹೋಸ್, ಎಡಗಡೆಯ ಬೂಸ್ಟರ್, ಸ್ಲಾಕ್ ಅಡ್ಜಸ್ಟರ್ (ಬೂಸ್ಟರಿನ ರಾಡಿಗೂ ಕ್ಯಾಮಿಗೂ ನಡುವಿನ ತೋಳು), ಎಸ್ ಕ್ಯಾಮ್, ಡ್ರಮ್ಮಿನ ಒಳಗಿನ ಶೂ ಮತ್ತು ಅದರ ಮೇಲೆ ಕೂತು ಡ್ರಮ್ಮಿಗೆ ಒತ್ತುವ ಲೈನರ್. ಇಷ್ಟೇ.

ಎರಡೂ ಕಡೆ ಹಿಡಿದಿದ್ದರೆ ಹುಡುಕಾಟ ಮುಂದಿನಿಂದ ಶುರುವಾಗಬೇಕಿತ್ತು. ಅಂಥ ಗಾಡಿ ಇರುವವರಿಗೆ ಒಂದು ಸೂಚನೆ. ಡ್ಯಾಶ್‌ಬೋರ್ಡಿನ ಎರಡು ಮುಳ್ಳು ತೋರಿಸುವುದು ಕಾಲಿನ ಬ್ರೇಕಿನ ಎರಡು ಸರ್ಕ್ಯೂಟುಗಳನ್ನು ಮಾತ್ರ. ಪಾರ್ಕಿಂಗ್ ಬ್ರೇಕಿಗೆ ಗಾಳಿ ಕೊಡುವುದು ಪ್ರೊಟೆಕ್ಷನ್ ವಾಲ್ವಿನ ಬೇರೆ ದಾರಿ. ಸಾಮಾನ್ಯವಾಗಿ ವಾಲ್ವಿನ ಮೇಲೆ ಆ ದಾರಿಗೆ 23 ಎಂದು ಅಂಕಿ ಕೆತ್ತಿರುತ್ತದೆ. ಅದು ತೆರೆಯದಿದ್ದರೆ ಮುಳ್ಳುಗಳೆರಡೂ 8ರಲ್ಲಿ ನಿಂತಿದ್ದರೂ ಹ್ಯಾಂಡ್ ಬ್ರೇಕಿಗೆ ಗಾಳಿಯೇ ಇರುವುದಿಲ್ಲ. ಹ್ಯಾಂಡ್ ಬ್ರೇಕ್ ವಾಲ್ವಿನಲ್ಲಿ 1 ಎಂಬ ಪೋರ್ಟು ಒಳಬರುವ ಗಾಳಿಯದು, 2 ಹೊರಹೋಗುವುದು, 3 ಹೊರಗೆ ಬಿಡುವುದು. 1ರಲ್ಲಿ ಗಾಳಿ ಇದ್ದು, ಲಿವರ್ ಬಿಟ್ಟಾಗ 2ರಲ್ಲಿ ಅಷ್ಟೇ ಒತ್ತಡ ಸಿಗದಿದ್ದರೆ ವಾಲ್ವ್ ಕೆಟ್ಟಿದೆ. 1ರಲ್ಲೇ ಇಲ್ಲದಿದ್ದರೆ ಹಿಂದಕ್ಕೆ ಹುಡುಕಬೇಕು. ಕಂಪ್ರೆಸರ್ ಎಣ್ಣೆ ಎಸೆಯುತ್ತಿದ್ದರೆ ಆ ಎಣ್ಣೆ ವಾಲ್ವಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಹಿಡಿದುಬಿಡುತ್ತದೆ. ಹೊಸ ವಾಲ್ವ್ ಹಾಕಿದರೂ ಕೆಲವೇ ತಿಂಗಳಲ್ಲಿ ಅದೇ ಕಥೆ. ಟ್ಯಾಂಕಿನ ಡ್ರೇನ್ ಎಳೆದಾಗ ಕರಿ ಎಣ್ಣೆ ಬಂದರೆ ಮೊದಲು ಕಂಪ್ರೆಸರ್ ಕಡೆ ನೋಡಿ.

ಈಗ ನಿಮ್ಮ ಗಾಡಿಗೆ ಬರೋಣ.

ಯಾವ ಕೆಲಸಕ್ಕೂ ಮುಂಚೆ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಕಲ್ಲು ಜಾರುತ್ತದೆ, ಒಡೆಯುತ್ತದೆ, ಹಾಗಾಗಿ ದಿಮ್ಮಿಯೇ ಇರಲಿ. ಮುಂದೆ ಸ್ಪ್ರಿಂಗನ್ನು ಕಟ್ಟಿಹಾಕುವ ಹೊತ್ತಿಗೆ ಗಾಡಿಗೆ ಹ್ಯಾಂಡ್ ಬ್ರೇಕೇ ಇರುವುದಿಲ್ಲ. ಕಣ್ಣಿಗೆ ಸಮತಟ್ಟಾಗಿ ಕಾಣುವ ಯಾರ್ಡೂ ಉರುಳುವಷ್ಟು ಇಳಿಜಾರಿರುತ್ತದೆ. ಲೋಡ್ ಇದ್ದರೆ ಇನ್ನೂ ಎಚ್ಚರ.

ಗಾಳಿ 7 ಬಾರಿಗಿಂತ ಮೇಲೆ ಇರಲಿ. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಲಿವರನ್ನು ಒಮ್ಮೆ ಹಾಕಿ, ಒಮ್ಮೆ ಬಿಡಲಿ. ಇನ್ನೊಬ್ಬರು ಕೆಳಗಿನಿಂದ ಎಡ ಬೂಸ್ಟರಿನಿಂದ ಹೊರಬಂದು ಸ್ಲಾಕ್ ಅಡ್ಜಸ್ಟರನ್ನು ತಳ್ಳುವ ಪುಶ್ ರಾಡ್ ನೋಡಬೇಕು. ರಾಡ್ ಬೂಸ್ಟರಿನಿಂದ ಹೊರಬರುವ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡರೆ ಅಳತೆ ಸುಲಭ. ಬಲಗಡೆಯದನ್ನೂ ಹಾಗೆಯೇ ನೋಡಿ. ಹೋಲಿಸಿ ನೋಡಲು ಅದೇ ನಿಮ್ಮ ಮಾದರಿ. ಸುತ್ತಿಗೆ ಹಿಡಿಯುವ ಮುಂಚೆ ಮಾಡಬೇಕಾದ ಮುಖ್ಯ ತಪಾಸಣೆ ಇದೊಂದೇ. ಬಹಳ ಕಡೆ ಇದನ್ನೇ ಬಿಟ್ಟು ಡ್ರಮ್ಮಿಗೆ ಬಡಿಯಲು ಶುರುಮಾಡುತ್ತಾರೆ.

ಲಿವರ್ ಬಿಟ್ಟಾಗ ಎಡ ರಾಡ್ ಬಲ ರಾಡಿನಷ್ಟೇ ಒಳಗೆ ಹೋಯಿತೆನ್ನಿ. ಅದರ ಜೊತೆ ಸ್ಲಾಕ್ ಅಡ್ಜಸ್ಟರ್ ಹಿಂದೆ ಬಂತು, ಎಸ್ ಕ್ಯಾಮಿನ ಶಾಫ್ಟೂ ತಿರುಗಿತು. ಆದರೂ ಚಕ್ರ ಬಿಗಿ. ಹಾಗಾದರೆ ಬೂಸ್ಟರ್ ಸರಿ, ಕ್ಯಾಮ್ ಸರಿ, ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಂಡಿದೆ. ಕಡಲ ಗಾಳಿಯಲ್ಲಿ, ಮಳೆಯಲ್ಲಿ ಮೂರು ವಾರ ನಿಂತ ಗಾಡಿಗೆ ಇದೇ ಆಗಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಡ್ರಮ್ ಬೀಡು ಕಬ್ಬಿಣ, ಒಂದು ರಾತ್ರಿ ನೀರು ನಿಂತರೆ ಕೆಂಪಾಗುತ್ತದೆ. ಸ್ಪ್ರಿಂಗಿನ ಪೂರ್ತಿ ಬಲದಲ್ಲಿ ಒತ್ತಿ ಹಿಡಿದ ಲೈನರಿನ ಕೆಳಗೆ ಆ ತುಕ್ಕು ಗೋಂದಿನ ಕೆಲಸ ಮಾಡುತ್ತದೆ.

ಎಡ ರಾಡ್ ಅಲುಗಲೇ ಇಲ್ಲ, ಅಥವಾ ಸ್ವಲ್ಪ ಬಂದು ನಿಂತಿತು ಅಂದರೆ ಎರಡು ದಾರಿ. ಗಾಳಿ ಒಳಗೆ ಹೋಗುತ್ತಿಲ್ಲ, ಇಲ್ಲವೇ ಗಾಳಿ ಹೋದರೂ ಕ್ಯಾಮ್ ಜಾಮ್ ಆಗಿ ರಾಡನ್ನು ಹಿಂದೆ ಬಿಡುತ್ತಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಒಳಗಿನ ಸ್ಪ್ರಿಂಗಿನ ಪಿಸ್ಟನ್ ಪುಶ್ ರಾಡನ್ನು ತಳ್ಳುತ್ತದೆಯೇ ಹೊರತು ಹಿಡಿದು ಎಳೆಯುವುದಿಲ್ಲ. ಪಿಸ್ಟನ್ ಹಿಂದೆ ಸರಿದ ಮೇಲೆ ರಾಡನ್ನು ಒಳಗೆ ತರುವುದು ಬೂಸ್ಟರಿನ ಸಣ್ಣ ರಿಟರ್ನ್ ಸ್ಪ್ರಿಂಗ್ ಮತ್ತು ಬ್ರೇಕ್ ಶೂಗಳ ರಿಟರ್ನ್ ಸ್ಪ್ರಿಂಗ್. ಕ್ಯಾಮ್ ತನ್ನ ಬುಶ್ಶಿನಲ್ಲಿ (ಶಾಫ್ಟ್ ಕೂತು ತಿರುಗುವ ಬಳೆ) ತುಕ್ಕು ಹಿಡಿದು ನಿಂತಿದ್ದರೆ ಈ ಸಣ್ಣ ಸ್ಪ್ರಿಂಗುಗಳಿಗೆ ಅದನ್ನು ತಿರುಗಿಸುವ ಶಕ್ತಿ ಇರುವುದಿಲ್ಲ. ಬೂಸ್ಟರ್ ಸಂಪೂರ್ಣ ಸರಿಯಿದ್ದರೂ ರಾಡ್ ಹೊರಗೇ ಉಳಿಯುತ್ತದೆ. ನೋಡಿದವರು ಬೂಸ್ಟರ್ ಹೋಯಿತು ಎಂದು ಹೊಸದನ್ನು ತರಿಸುತ್ತಾರೆ. ಹೊಸದನ್ನು ಹಾಕಿದರೂ ಚಕ್ರ ಬಿಡುವುದಿಲ್ಲ.

ಗಾಳಿ ಹೋಗುತ್ತಿದೆಯೇ ಎಂದು ತಿಳಿಯಲು ಬೂಸ್ಟರಿನ ಪೋರ್ಟುಗಳನ್ನು ನೋಡಿ. 11 ಎಂದಿರುವುದು ಕಾಲಿನ ಬ್ರೇಕಿನದು, 12 ಎಂದಿರುವುದು ಸ್ಪ್ರಿಂಗಿನದು. ಲಿವರ್ ಹಾಕಿ, ಅಂದರೆ ಸಾಲಿನ ಗಾಳಿ ಹೊರಹೋಗಿರುವಾಗ, 12ರ ಹೋಸನ್ನು ಬಿಚ್ಚಿ ಟೀ ಜೋಡಣೆಯೊಂದಿಗೆ ಮೀಟರ್ ಹಾಕಿ. ಲಿವರ್ ಬಿಟ್ಟಾಗ ಅಲ್ಲಿ 6 ಬಾರಿಗಿಂತ ಹೆಚ್ಚು ಬಂದು ನಿಂತರೆ ಗಾಳಿಯ ಸಮಸ್ಯೆ ಇಲ್ಲ. ಮೀಟರ್ ಇಲ್ಲದಿದ್ದರೆ ಬಿಚ್ಚಿದ ಹೋಸಿನ ಬಾಯನ್ನು ಗೋಣಿಚೀಲದಿಂದ ಬಿಗಿಯಾಗಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಒಂದೇ ಕ್ಷಣ ಲಿವರ್ ಬಿಡಿಸಿ ನೋಡಬಹುದು. ಗಾಳಿ ಜೋರಾಗಿ ಬರಬೇಕು. ಸುಯ್ಯೆಂದು ಸಣ್ಣಗೆ ಬಂದರೆ ಹೋಸಿನ ಒಳಪದರ ಕಿತ್ತು ಬಾಯಿ ಮುಚ್ಚಿದೆ. ಹೊರಗಿನಿಂದ ಹೋಸ್ ಹೊಸದರಂತೆಯೇ ಕಾಣುತ್ತಿರುತ್ತದೆ. ಈ ದೋಷದ ಇನ್ನೊಂದು ಗುರುತು: ಬಹಳ ಹೊತ್ತು ಕಾದರೆ ಬ್ರೇಕ್ ನಿಧಾನವಾಗಿ ಬಿಡುತ್ತದೆ, ಹಾಕಿದಾಗಲೂ ಆ ಒಂದು ಚಕ್ರ ತಡವಾಗಿ ಹಿಡಿಯುತ್ತದೆ. ಔಷಧಿ ಒಂದೇ, ಹೋಸ್ ಬದಲಿಸುವುದು.

12ಕ್ಕೆ ಒತ್ತಡ ಬಂದರೂ ನಿಲ್ಲದೆ ಇಳಿಯುತ್ತಿದ್ದರೆ ಬೂಸ್ಟರಿನ ಒಳಗಡೆ ಸೋರಿಕೆ. ಎರಡು ಡಬ್ಬಿಗಳ ನಡುವಿನ ಸೀಲ್ ಹೋಗಿದ್ದರೆ ಸ್ಪ್ರಿಂಗ್ ಕಡೆಯ ಗಾಳಿ ಕಾಲಿನ ಬ್ರೇಕಿನ ಡಬ್ಬಿಗೆ ನುಗ್ಗಿ, ಅದರ ಹೋಸಿನಲ್ಲಿ ಹಿಂದಕ್ಕೆ ಹರಿದು, ರಿಲೇ ವಾಲ್ವ್ (ಕಾಲಿನ ಬ್ರೇಕಿನ ಗಾಳಿಯನ್ನು ಹಿಂದಿನ ಬೂಸ್ಟರುಗಳಿಗೆ ಕೊಡುವುದು) ಅಥವಾ ಕಾಲಿನ ಬ್ರೇಕ್ ವಾಲ್ವಿನ ಬಾಯಿಂದ ಹೊರಬರುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರ ಅಲ್ಲಿ ಸುಯ್ ಸದ್ದು, ಹಾಕಿದ ತಕ್ಷಣ ಬಂದ್. ಹೀಗಿದ್ದರೆ ರಿಲೇ ವಾಲ್ವ್ ಬದಲಿಸಬೇಡಿ, ತಪ್ಪು ಅದರದ್ದಲ್ಲ. 11ರ ಹೋಸನ್ನು ಒಂದೊಂದೇ ಬೂಸ್ಟರಿನಿಂದ ಬಿಚ್ಚಿ ನೋಡಿದರೆ ಯಾವುದರ ಬಾಯಿಂದ ಗಾಳಿ ಬರುತ್ತದೋ ಅದೇ ಕಳ್ಳ. ಬೂಸ್ಟರಿನ ಹಿಂದಿನ ತೂತಿನಿಂದಲೇ ಗಾಳಿ ಬರುತ್ತಿದ್ದರೆ ಸ್ಪ್ರಿಂಗ್ ಕಡೆಯ ಡಯಾಫ್ರಮ್ ಹರಿದಿದೆ. ಬಹಳ ಸಲ ಒಳಗೆ ಸ್ಪ್ರಿಂಗೇ ತುಕ್ಕು ತಿಂದು ಮುರಿದು, ಅದರ ಚೂಪು ತುದಿ ರಬ್ಬರನ್ನು ಚುಚ್ಚಿರುತ್ತದೆ. ಹಿಂದಿನ ತೂತಿನ ರಬ್ಬರ್ ಮುಚ್ಚಳ ಬಿದ್ದುಹೋಗಿ ಕೆಸರು ನೀರು ಒಳಗೆ ಹೋದದ್ದು ಇದಕ್ಕೆಲ್ಲ ಮೂಲ. ಅತ್ಯಂತ ಅಗ್ಗದ ಭಾಗವೇ ಎಲ್ಲಕ್ಕಿಂತ ದುಬಾರಿ ಕೆಲಸ ತರುತ್ತದೆ. ಎರಡೂ ಸಂದರ್ಭದಲ್ಲಿ ಬೂಸ್ಟರ್ ಬದಲಿಸುವುದೇ ದಾರಿ.

ಇನ್ನು ಸ್ಪ್ರಿಂಗನ್ನು ಕಟ್ಟಿಹಾಕುವ ಕೆಲಸ. ನಿಮ್ಮ ಮೆಕ್ಯಾನಿಕ್ ಕ್ಲಾಂಪ್ ಬಿಚ್ಚಿ ಮಾಡಹೊರಟದ್ದನ್ನು ಸುರಕ್ಷಿತವಾಗಿ ಮಾಡುವ ದಾರಿ ಇದು. ಬೂಸ್ಟರುಗಳಲ್ಲಿ ಎರಡು ಬಗೆ. ಒಂದರಲ್ಲಿ ರಿಲೀಸ್ ಬೋಲ್ಟ್ ಹಿಂಭಾಗದಲ್ಲೇ ಕೂತಿರುತ್ತದೆ, ಸಾಮಾನ್ಯವಾಗಿ 24 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ. ಅದನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಬೋಲ್ಟ್ ಹೊರಬಂದು ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ತುದಿಯಲ್ಲಿ ಟಿ ಆಕಾರವಿರುವ ಬೋಲ್ಟು ಬೂಸ್ಟರಿನ ಪಕ್ಕದ ಜೇಬಿನಲ್ಲಿ ಇರುತ್ತದೆ. ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಬೋಲ್ಟನ್ನು ತೂತಿನೊಳಗೆ ತಳ್ಳಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ, ಹಿಂದಕ್ಕೆ ಎಳೆದು ನೋಡಿ. ಕಚ್ಚಿಕೊಂಡರೆ ವಾಶರ್, ನಟ್ ಹಾಕಿ ಬಿಗಿಯುತ್ತ ಹೋಗಿ. ಪೂರ್ತಿ ಕಟ್ಟಿದಾಗ ಬೋಲ್ಟ್ ಸುಮಾರು 6ರಿಂದ 7 ಸೆಂ.ಮೀ. ಹೊರಗೆ ಕಾಣುತ್ತದೆ. ಅಳತೆ ಮಾದರಿಯಿಂದ ಮಾದರಿಗೆ ಸ್ವಲ್ಪ ಬದಲಾಗುತ್ತದೆ.

ಟ್ಯಾಂಕಿನಲ್ಲಿ ಗಾಳಿ ಇದ್ದರೆ ಮೊದಲು ಲಿವರ್ ಬಿಟ್ಟು, ಗಾಳಿಯೇ ಸ್ಪ್ರಿಂಗನ್ನು ಅದುಮಿದ ಮೇಲೆ ನಟ್ ತಿರುಗಿಸಿ. ಕೈ ಸ್ಪ್ಯಾನರಿನಲ್ಲಿ ಸಲೀಸಾಗಿ ಬರುತ್ತದೆ. ಗಾಳಿ ಇಲ್ಲದಿದ್ದರೂ ಕೈಯಿಂದ ಆಗುತ್ತದೆ, ಶ್ರಮ ಹೆಚ್ಚು. ಇಂಪ್ಯಾಕ್ಟ್ ಗನ್ (ನಟ್ ತಿರುಗಿಸುವ ಯಂತ್ರ) ಬೇಡವೇ ಬೇಡ, ಬೋಲ್ಟಿನ ಎಳೆಯೋ ಪಿಸ್ಟನ್ನಿನ ಹಿಡಿಯೋ ಕಿತ್ತುಬಂದರೆ ಆ ಬೂಸ್ಟರನ್ನು ಬಿಡಿಸುವುದು ಇನ್ನೂ ಅಪಾಯ. ಕೆಲಸ ಮಾಡುವಾಗ ಬೂಸ್ಟರಿನ ನೇರ ಹಿಂದೆ ತಲೆ ಇಡಬೇಡಿ, ಪಕ್ಕದಿಂದ ಕೈ ಹಾಕಿ. ಬೋಲ್ಟ್ ಕಚ್ಚಿಕೊಳ್ಳದಿದ್ದರೆ, ಅಥವಾ ಗಾಳಿ ಇಲ್ಲದಿದ್ದರೂ ನಟ್ ಯಾವ ಬಿಗಿಯೂ ಇಲ್ಲದೆ ಸುಮ್ಮನೆ ತಿರುಗುತ್ತಿದ್ದರೆ ಒಳಗೆ ಮುರಿದಿದೆ ಎಂದೇ ತಿಳಿಯಿರಿ. ಚುಚ್ಚಿ ಕೆದಕುವುದು ಬೇಡ. ಅಂಥ ಬೂಸ್ಟರನ್ನು ಸರಪಳಿಯಿಂದ ಸುತ್ತಿ ಕಟ್ಟಿ, ಅದನ್ನು ಇಳಿಸುವ ಅನುಭವ ಇರುವ ಏರ್ ಬ್ರೇಕ್ ಅಂಗಡಿಯವರನ್ನೇ ಕರೆಸಬೇಕು.

ಸ್ಪ್ರಿಂಗ್ ಕಟ್ಟಿದ ಮೇಲೆ ರಾಡ್ ಇನ್ನೂ ಹೊರಗೇ ಇದ್ದರೆ ಈಗ ರಾಡನ್ನು ಸ್ಲಾಕ್ ಅಡ್ಜಸ್ಟರಿಗೆ ಜೋಡಿಸುವ ಕ್ಲೆವಿಸ್ ಪಿನ್ ತೆಗೆಯಬಹುದು. ಕಟ್ಟದೆ ತೆಗೆಯಬಾರದು, ಗಾಳಿ ಇಳಿದರೆ ರಾಡ್ ಮುನ್ನುಗ್ಗಿ ಬೆರಳು ತೆಗೆಯುತ್ತದೆ. ಪಿನ್ ತೆಗೆದ ಕೂಡಲೇ ರಾಡ್ ಟಕ್ಕೆಂದು ಒಳಗೆ ಹೋಯಿತೇ? ಬೂಸ್ಟರ್ ನಿರಪರಾಧಿ, ಕ್ಯಾಮ್ ಜಾಮ್ ಆಗಿದೆ. ಪಿನ್ನೇ ತುಕ್ಕಿನಿಂದ ಹೊರಬಾರದಿದ್ದರೆ ಅದೂ ಒಂದು ಉತ್ತರವೇ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಅರ್ಧ ಗಂಟೆ ಬಿಟ್ಟು, ಹಿತ್ತಾಳೆ ರಾಡಿನಿಂದ ಬಡಿದು ತೆಗೆಯಿರಿ. ಹಾಕುವಾಗ ಹೊಸ ಪಿನ್ ಹಾಕಿ.

ಮುಂದೆ ಸ್ಲಾಕ್ ಅಡ್ಜಸ್ಟರ್ ಸಡಿಲ ಮಾಡಬೇಕು. ಕೈಯಿಂದ ಸೆಟ್ ಮಾಡುವ ಹಳೆಯ ಬಗೆಯದಾದರೆ ಲಾಕ್ ಸ್ಲೀವನ್ನು ಸ್ಪ್ಯಾನರಿನಿಂದ ಒಳಕ್ಕೆ ಒತ್ತಿ ತಿರುಗಿಸಬೇಕು. ಯಾವ ಕಡೆಗೆ ಎಂಬ ಗೊಂದಲವಿದ್ದರೆ ಕ್ಯಾಮ್ ಶಾಫ್ಟಿನ ತುದಿ ನೋಡಿ. ಬ್ರೇಕ್ ಹಾಕಿದಾಗ ಅದು ತಿರುಗುವ ದಿಕ್ಕಿನ ಉಲ್ಟಾ ತಿರುಗಬೇಕು. ಆಟೋ ಸ್ಲಾಕ್ ಆದರೆ ಸಡಿಲ ಮಾಡುವಾಗ ಬಿಗಿಯಾಗಿ, ಕಟಕಟ ಸದ್ದಿನೊಂದಿಗೆ ತಿರುಗುತ್ತದೆ. ಅದು ಸಹಜ, ಹೆದರಬೇಡಿ. ಅಲ್ಲೂ ಗನ್ ಬಳಸಿದರೆ ಒಳಗಿನ ಕ್ಲಚ್ ಹಾಳು.

ಸಡಿಲ ಮಾಡಿದ ಮೇಲೂ ಚಕ್ರ ಬಿಡದಿದ್ದರೆ ಲೈನರ್ ಡ್ರಮ್ಮಿಗೆ ಅಂಟಿರುವುದು ಖಚಿತ. ಹಿಂದಿನ ಆಕ್ಸಲನ್ನು ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರಿಯ ಜಾಕಿನ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ. ಗಾಳಿ ತುಂಬಿಸಿ, ಕಾಲಿನ ಬ್ರೇಕನ್ನು ಜೋರಾಗಿ ಒತ್ತಿ ತಟ್ಟನೆ ಬಿಡಿ. ಹೀಗೆ ಎಂಟು ಹತ್ತು ಸಲ. ಕ್ಲೆವಿಸ್ ಪಿನ್ ಮತ್ತೆ ಹಾಕಿರಬೇಕು, ಸ್ಲಾಕ್ ತೀರಾ ಸಡಿಲ ಇರಬಾರದು, ಇಲ್ಲದಿದ್ದರೆ ಶೂ ಅಲುಗುವುದಿಲ್ಲ. ಶೂ ಕೂದಲೆಳೆಯಷ್ಟು ಸರಿದರೂ ತುಕ್ಕಿನ ಹಿಡಿ ಒಡೆಯುತ್ತದೆ. ಆಗಲೂ ಬಿಡದಿದ್ದರೆ ಎರಡು ಕಿಲೋ ಸುತ್ತಿಗೆಯಿಂದ ಡ್ರಮ್ಮಿನ ಸುತ್ತಳತೆಯ ಮೇಲೆ, ಲೈನರ್ ಇರುವ ಭಾಗದಲ್ಲಿ, ಚಕ್ರದ ಸಂದಿಯಿಂದ ಸುತ್ತಲೂ ಬಡಿಯಿರಿ. ಒಂದೇ ಜಾಗಕ್ಕೆ ಬಲವಾಗಿ ಹೊಡೆಯುವುದಲ್ಲ, ಜಾಗ ಬದಲಿಸುತ್ತ ಮಿತವಾಗಿ ಹೊಡೆಯುವುದು. ತೆರೆದ ಅಂಚಿಗೆ ಮಾತ್ರ ಹೊಡೆಯಬೇಡಿ, ಬೀಡು ಕಬ್ಬಿಣ ಸೀಳಿಬಿಡುತ್ತದೆ. ಚಕ್ರಗಳನ್ನು ಬಿಚ್ಚಿಕೊಂಡರೆ ಕೈ ಸರಿಯಾಗಿ ಆಡುತ್ತದೆ.

ಎತ್ತುವ ಅನುಕೂಲವಿಲ್ಲದಿದ್ದರೆ ಲೋಡ್ ಇಳಿಸಿ, ಮೊದಲ ಗೇರು ಮತ್ತು ರಿವರ್ಸಿನಲ್ಲಿ ಒಂದೊಂದು ಸಲ ಅರ್ಧ ಕ್ಲಚ್ಚಿನಲ್ಲಿ ಸಣ್ಣಗೆ ಹಿಂದೆ ಮುಂದೆ ನೂಕಿ ನೋಡಬಹುದು. ಠಣ್ ಎಂಬ ಸದ್ದಿನೊಂದಿಗೆ ಬಿಟ್ಟರೆ ಬಿಟ್ಟಿತು. ನಾಲ್ಕೈದು ಸಲದಲ್ಲಿ ಆಗದಿದ್ದರೆ ನಿಲ್ಲಿಸಿ. ಒಂದು ಚಕ್ರ ಲಾಕ್ ಆಗಿರುವಾಗ ಡಿಫರೆನ್ಷಿಯಲ್ (ಎರಡು ಕಡೆಯ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಗೇರುಗಳು) ಇನ್ನೊಂದು ಚಕ್ರವನ್ನು ತಿರುಗಿಸುತ್ತ ಹೋಗುತ್ತದೆ. ಕ್ಲಚ್ ಸುಡುವುದು, ಕ್ರೌನ್ ಒಳಗಿನ ಸ್ಪೈಡರ್ ಗೇರಿಗೆ ಏಟಾಗುವುದು ಹೀಗೆಯೇ. ಇನ್ನೊಂದು ಲಾರಿಯಿಂದ ಎಳೆಸುವುದಂತೂ ಟೈರ್ ಕೊಲ್ಲುವ ಕೆಲಸ. ನೀವು ಈಗಾಗಲೇ ಎಳೆದಿರುವುದರಿಂದ ಆ ಎರಡು ಟೈರುಗಳ ಉಜ್ಜಿದ ಜಾಗ ನೋಡಿ. ದಾರ ಕಾಣುತ್ತಿದ್ದರೆ ಅವು ಮತ್ತೆ ರಸ್ತೆಗಿಲ್ಲ.

ಡ್ರಮ್ಮಿಗೆ ಡೀಸೆಲ್ಲೋ ತುಕ್ಕಿನ ಎಣ್ಣೆಯೋ ಸುರಿಯುವ ರೂಢಿ ಕೆಲವು ಕಡೆ ಇದೆ. ಬೇಡ. ಲೈನರ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಎಷ್ಟು ಒರೆಸಿದರೂ ಬಿಸಿಯಾದಾಗಲೆಲ್ಲ ಎಣ್ಣೆ ಮೇಲೆ ಬರುತ್ತದೆ. ಇಂದು ಹಿಡಿದುಕೊಂಡಿರುವ ಚಕ್ರ ನಾಳೆ ಶಿರಾಡಿ ಇಳಿಯುವಾಗ ಹಿಡಿಯದೇ ಹೋಗುತ್ತದೆ. ಗ್ಯಾಸ್ ಬೆಂಕಿಯಿಂದ ಡ್ರಮ್ ಕಾಯಿಸುವುದೂ ಬೇಡ. ಹಬ್ಬಿನ ಗ್ರೀಸ್, ಆಯಿಲ್ ಸೀಲ್, ಪಕ್ಕದ ಟೈರು ಎಲ್ಲವೂ ಹತ್ತಿರವೇ ಇವೆ.

ಚಕ್ರ ಬಿಟ್ಟಿತು ಎಂದು ಅಲ್ಲಿಗೇ ಕೈ ತೊಳೆಯಬೇಡಿ, ಡ್ರಮ್ ಬಿಚ್ಚಿ ನೋಡಲೇಬೇಕು. ಬಹಳ ಡ್ರಮ್ಮುಗಳ ಮುಖದಲ್ಲಿ ಎಳೆ ಇರುವ ಎರಡು ತೂತು ಇರುತ್ತವೆ. ಅವಕ್ಕೆ ಬೋಲ್ಟ್ ಹಾಕಿ ಒಂದೊಂದು ಸುತ್ತು ಸಮನಾಗಿ ಬಿಗಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಮಾಸ್ಕ್ ಇರಲಿ.

ಒಳಗೆ ನೋಡಬೇಕಾದ್ದು ಇಷ್ಟು. ಡ್ರಮ್ಮಿನ ಒಳಮೈಯಲ್ಲಿ ಲೈನರಿನ ಆಕಾರದ ತುಕ್ಕಿನ ಅಚ್ಚು ಮೂಡಿರುತ್ತದೆ. ತೆಳುವಾಗಿದ್ದರೆ ಉಪ್ಪುಕಾಗದ ಸಾಕು, ಗುಳಿ ಬಿದ್ದಿದ್ದರೆ ಲೇತಿಗೆ ಹೋಗಬೇಕು. ಎಷ್ಟರವರೆಗೆ ಕಡೆಯಬಹುದೆಂಬ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಎರಕದಲ್ಲಿ ಬರೆದಿರುತ್ತಾರೆ, ಅದನ್ನು ದಾಟಬಾರದು. ಲೈನರಿನ ಅಂಚನ್ನು ಪಕ್ಕದಿಂದ ನೋಡಿ. ಶೂ ಮತ್ತು ಲೈನರಿನ ನಡುವೆ ತುಕ್ಕು ಕಟ್ಟಿ ಲೈನರನ್ನು ಮೇಲೆತ್ತಿದ್ದರೆ ಅದು ಒಡೆಯುವ ಹಾದಿಯಲ್ಲಿದೆ. ದಪ್ಪ ಎಷ್ಟೇ ಉಳಿದಿರಲಿ, ಬದಲಿಸಿ. ರಿಟರ್ನ್ ಸ್ಪ್ರಿಂಗ್ ಉದ್ದವಾಗಿದ್ದರೆ, ಬಣ್ಣ ಸುಟ್ಟು ನೀಲಿಯಾಗಿದ್ದರೆ ಹೊಸದು ಹಾಕಿ. ಶೂ ತಿರುಗುವ ಆಂಕರ್ ಪಿನ್ ಮತ್ತು ಕ್ಯಾಮ್ ರೋಲರುಗಳು ಕೈಯಲ್ಲಿ ತಿರುಗಬೇಕು. ಲೈನರ್ ಬದಲಿಸುವುದಾದರೆ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಿ, ಒಂದೇ ಕಡೆ ಹೊಸದಿದ್ದರೆ ಬ್ರೇಕ್ ಹೊಡೆದಾಗ ಗಾಡಿ ಎಳೆಯುತ್ತದೆ.

ಎಸ್ ಕ್ಯಾಮನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಬುಶ್ ಹೋಗಿದೆ. ಜಾಮ್ ಆಗಿದ್ದರೆ ಸ್ಲಾಕ್ ಅಡ್ಜಸ್ಟರ್ ತೆಗೆದು, ಕ್ಯಾಮನ್ನು ಪೂರ್ತಿ ಹೊರಗೆಳೆದು, ಶಾಫ್ಟಿನಲ್ಲಿ ಬುಶ್ ಕೂರುವ ಜಾಗದ ತುಕ್ಕು ಉಜ್ಜಿ, ಹೊಸ ಬುಶ್ ಮತ್ತು ಸೀಲ್ ಹಾಕಿ ಜೋಡಿಸಿ. ಹೊರಗಿನಿಂದ ಗ್ರೀಸ್ ಒತ್ತಿ ಸರಿಮಾಡುತ್ತೇನೆಂದು ಹೊರಟರೆ ತುಕ್ಕು ಗ್ರೀಸಿಗೆ ದಾರಿಯೇ ಬಿಡುವುದಿಲ್ಲ. ಎಲ್ಲ ಸರಿಯಿದ್ದಾಗ ಗ್ರೀಸ್ ಹೊಡೆಯುವುದೂ ಮಿತದಲ್ಲಿರಲಿ. ಹೊಸ ಗ್ರೀಸ್ ಸ್ಲಾಕ್ ಕಡೆಯಿಂದ ಇಣುಕಿದ ಕೂಡಲೇ ನಿಲ್ಲಿಸಿ. ಡ್ರಮ್ ಕಡೆಗೆ ಹೋದದ್ದು ಲೈನರ್ ಸೇರುತ್ತದೆ.

ಬೂಸ್ಟರ್ ಬದಲಿಸಲೇಬೇಕಾಗಿ ಬಂದರೆ ಹಳೆಯದರ ಮೇಲಿನ ಅಂಕಿ ನೋಡಿ ಅದನ್ನೇ ತನ್ನಿ. 24/30, 30/30 ಎಂಬಂಥ ಅಂಕಿಗಳು ಎರಡು ಡಬ್ಬಿಗಳ ಕೆಲಸ ಮಾಡುವ ವಿಸ್ತೀರ್ಣವನ್ನು ಚದರ ಇಂಚಿನಲ್ಲಿ ಹೇಳುತ್ತವೆ. ಒಂದು ಕಡೆ 24, ಇನ್ನೊಂದು ಕಡೆ 30 ಹಾಕಿದರೆ ಒಂದೇ ಒತ್ತಡಕ್ಕೆ ಎರಡು ಚಕ್ರಗಳಲ್ಲಿ ಬೇರೆ ಬೇರೆ ಬಲ. ಹಳೆಯದನ್ನು ಇಳಿಸುವ ಮುಂಚೆ ಬೂಸ್ಟರ್ ಕೂರುವ ಮುಖದಿಂದ ಕ್ಲೆವಿಸ್ ಪಿನ್ನಿನ ನಡುವಿನವರೆಗೆ ಅಳೆದುಕೊಂಡು, ಹೊಸ ರಾಡನ್ನೂ ಅಷ್ಟಕ್ಕೇ ಹೊಂದಿಸಿ. ಬ್ರೇಕ್ ಹಿಡಿದಾಗ ರಾಡಿಗೂ ಸ್ಲಾಕಿನ ತೋಳಿಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಬರಬೇಕು. ಎರಡು ನಟ್ಟುಗಳನ್ನು ಸಮನಾಗಿ ಬಿಗಿಯಿರಿ. 16 ಎಂ.ಎಂ. ಬೋಲ್ಟಿನ ಬೂಸ್ಟರುಗಳಿಗೆ 180ರಿಂದ 210 ನ್ಯೂಟನ್ ಮೀಟರ್ ಸಾಮಾನ್ಯ ಅಳತೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ನೀರು ಬಸಿಯುವ ತೂತು ನೆಲದ ಕಡೆಗಿರಬೇಕು, ಅದರ ಬಿರಡೆ ಮಾತ್ರ ತೆಗೆದಿರಬೇಕು. ಹೊಸ ಬೂಸ್ಟರ್ ಕಟ್ಟಿದ ಸ್ಪ್ರಿಂಗಿನೊಂದಿಗೇ ಬರುತ್ತದೆ. ಜೋಡಿಸಿ, ಗಾಳಿ ತುಂಬಿಸಿ, ಲಿವರ್ ಬಿಟ್ಟ ಮೇಲೆ ಆ ಬೋಲ್ಟನ್ನು ಬಿಚ್ಚಿ ಜೇಬಿಗೆ ಹಾಕಿ, ರಬ್ಬರ್ ಮುಚ್ಚಳ ಒತ್ತಿ. ಇದನ್ನು ಮರೆತು ತಿಂಗಳುಗಟ್ಟಲೆ ಒಂದೇ ಚಕ್ರದ ಹ್ಯಾಂಡ್ ಬ್ರೇಕಿನಲ್ಲಿ ಓಡುವ ಗಾಡಿಗಳು ಕಡಿಮೆಯೇನಿಲ್ಲ.

ಹ್ಯಾಂಡ್ ಬ್ರೇಕ್ ಇಲ್ಲದೆ ಊರಿಗೆ ತರಬಹುದೇ ಎಂದು ಕೇಳಿದ್ದಿರಿ. ಸ್ಪ್ರಿಂಗ್ ಕಟ್ಟಿದ ಗಾಡಿಯನ್ನು ಖಾಲಿಯಾಗಿ, ನಿಧಾನವಾಗಿ, ಹತ್ತಿರದ ಗ್ಯಾರೇಜಿನವರೆಗೆ ತರಬಹುದು. ಅಷ್ಟೇ. ಲೋಡಿನೊಂದಿಗೆ ಘಾಟಿ ಹತ್ತುವುದು, ಇಳಿಯುವುದು ಸುತರಾಂ ಬೇಡ. ನಿಲ್ಲಿಸಲು ಹ್ಯಾಂಡ್ ಬ್ರೇಕ್ ಇರುವುದಿಲ್ಲ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು, ಗಾಳಿ ಸೋರಿ ಒತ್ತಡ ಬಿದ್ದಾಗ ತಾನಾಗಿ ಹಿಡಿದು ಗಾಡಿ ನಿಲ್ಲಿಸುವುದು ಇದೇ ಸ್ಪ್ರಿಂಗ್. ಅದನ್ನು ಕಟ್ಟಿಹಾಕಿದಾಗ ಆ ಕೊನೆಯ ಆಸರೆಯೂ ಇಲ್ಲ.

ಕೆಲಸ ಮುಗಿದ ಮೇಲೆ ಸ್ಲಾಕ್ ಸೆಟ್ ಮಾಡುವಾಗ ಲೈನರ್ ಡ್ರಮ್ಮಿಗೆ ತಾಗುವವರೆಗೆ ಬಿಗಿದು, ಅರ್ಧದಿಂದ ಮುಕ್ಕಾಲು ಸುತ್ತು ಹಿಂದೆ ಬಿಡಿ. ಚಕ್ರ ಕೈಯಲ್ಲಿ ತಿರುಗಬೇಕು. 6 ಬಾರ್ ಗಾಳಿಯಲ್ಲಿ ಕಾಲಿನ ಬ್ರೇಕ್ ಪೂರ್ತಿ ಒತ್ತಿ ರಾಡ್ ಎಷ್ಟು ಹೊರಬರುತ್ತದೆಂದು ಅಳೆಯಿರಿ. ಸಾಮಾನ್ಯ ಸ್ಟ್ರೋಕಿನ 24 ಅಂಕಿಯ ಬೂಸ್ಟರಿನಲ್ಲಿ 44 ಮಿ.ಮೀ., 30ರದ್ದರಲ್ಲಿ 51 ಮಿ.ಮೀ. ದಾಟಿದರೆ ಸೆಟ್ಟಿಂಗ್ ಸರಿಯಿಲ್ಲ. ಎಡ ಬಲದ ಅಳತೆ ಹತ್ತಿರ ಹತ್ತಿರ ಇರಬೇಕು. ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಐದು ನಿಮಿಷ ಮುಳ್ಳು ನೋಡುತ್ತ ಕೂರಿ. ಕಣ್ಣಿಗೆ ಕಾಣುವಷ್ಟು ಇಳಿಯುತ್ತಿದ್ದರೆ ಇನ್ನೂ ಎಲ್ಲೋ ಸೋರುತ್ತಿದೆ. ಆಮೇಲೆ ಐದಾರು ಕಿಲೋಮೀಟರ್ ಓಡಿಸಿ, ಬ್ರೇಕ್ ಕಡಿಮೆ ಬಳಸಿ, ನಿಲ್ಲಿಸಿ ಎರಡೂ ಡ್ರಮ್ಮಿನ ಹತ್ತಿರ ಅಂಗೈ ಹಿಂಭಾಗ ಹಿಡಿದು ಬಿಸಿ ನೋಡಿ, ಮುಟ್ಟಬೇಡಿ. ಒಂದು ತಣ್ಣಗಿದ್ದು ಇನ್ನೊಂದು ಸುಡುತ್ತಿದ್ದರೆ ಸುಡುವುದು ಇನ್ನೂ ಹಿಡಿಯುತ್ತಿದೆ.

ಮುಂದಿನ ಮಳೆಗಾಲಕ್ಕೆ ಎರಡು ಮಾತು. ಗಾಡಿಯನ್ನು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಗಟ್ಟಿ, ಸಮತಟ್ಟು ನೆಲ ಹುಡುಕಿ. ನಾಲ್ಕೂ ಕಡೆ ದಿಮ್ಮಿ ಕೊಟ್ಟು, ಗೇರಿನಲ್ಲಿಟ್ಟು, ಎರಡೂ ಬೂಸ್ಟರುಗಳ ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟಿಡಿ, ಸ್ಟೀರಿಂಗಿಗೆ ಚೀಟಿ ಅಂಟಿಸಿ. ಚೀಟಿ ಇಲ್ಲದಿದ್ದರೆ ಮುಂದೆ ಬರುವ ಡ್ರೈವರಿಗೆ ಬ್ರೇಕ್ ಕಟ್ಟಿದ್ದು ಗೊತ್ತಾಗುವುದಿಲ್ಲ. ಅಷ್ಟು ಮಾಡಲಾಗದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದು ಗಾಡಿಯುದ್ದ ಹಿಂದೆ ಮುಂದೆ ಓಡಿಸಿದರೂ ತುಕ್ಕು ಕಚ್ಚುವುದಿಲ್ಲ. ವಾಟರ್ ವಾಶ್ ಮಾಡಿಸಿ ನೇರ ತಂದು ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಬೇಡಿ, ಒಂದೆರಡು ಕಿಲೋಮೀಟರ್ ಬ್ರೇಕ್ ಹಗುರವಾಗಿ ಒತ್ತುತ್ತ ಓಡಿಸಿದರೆ ಲೈನರ್ ಒಣಗುತ್ತದೆ. ಘಾಟಿ ಇಳಿದು ಡ್ರಮ್ ಕೆಂಡವಾಗಿರುವಾಗ ಹ್ಯಾಂಡ್ ಬ್ರೇಕ್ ಹಾಕಿದರೂ ಕಷ್ಟ. ಬಿಸಿಯಲ್ಲಿ ಹಿಗ್ಗಿದ ಡ್ರಮ್ ತಣ್ಣಗಾಗುತ್ತ ಕುಗ್ಗಿ ಶೂವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಬೆಳಿಗ್ಗೆ ಬಿಡುವುದಿಲ್ಲ. ಕೆಲವೊಮ್ಮೆ ಡ್ರಮ್ ಸೀಳುವುದೂ ಉಂಟು. ದಿಮ್ಮಿ ಕೊಟ್ಟು ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಲಿವರ್ ಹಾಕಿ. ಏರ್ ಟ್ಯಾಂಕಿನ ನೀರನ್ನು ದಿನಾ ಬಿಡಿ. ಗಾಳಿಯ ತೇವ ಹೀರುವ ಡ್ರೈಯರ್ ಇದ್ದೂ ಟ್ಯಾಂಕಿನಲ್ಲಿ ನೀರು ಬರುತ್ತಿದ್ದರೆ ಅದರ ಕಾರ್ಟ್ರಿಜ್ ಬದಲಿಸುವ ಹೊತ್ತಾಗಿದೆ.